ಕರೆಂಟಿನ ಡಬ್ಬಿ

ನನ್ನ ಗಂಡನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಮಾತ್ರ ಕಲಿಸುತ್ತಿದ್ದರು. ಮನೆಯಲ್ಲಿ ಸಕಲ ಶಾಸ್ತ್ರಕ್ಕೂ ಅವರೇ ಪ್ರಾಧ್ಯಾಪಕರು. ಉಪ್ಪಿಟ್ಟಿಗೆ ನೀರೆಷ್ಟು ಬೇಕೆಂದು ನನಗೆ ಪಾಠ ಹೇಳುತ್ತಿದ್ದರು, ಒಲೆಯ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ, ನಾವು ಧಾರವಾಡದ ಸಪ್ತಾಪುರದ ಬಾಡಿಗೆ ಮನೆಯಲ್ಲಿದ್ದಾಗ, ನನ್ನ ಪಿಎಚ್.ಡಿ. ಪ್ರಬಂಧ ಟೈಪ್ ಮಾಡಲೆಂದು ಕಂಪ್ಯೂಟರ್ ಬಂತು. ಬಂದದ್ದು ನನಗಾಗಿ, ಮೆರೆದದ್ದು ಅವರು. ಮನೆಗೆ ಯಾರೇ ಬರಲಿ, ಅದರ ಮುಂದೆ ನಿಲ್ಲಿಸಿ ಪಾಠ ಶುರು.

"ನೋಡ್ರಿ, ಇದು ಕಂಪ್ಯೂಟರ್," ಎಂದು ಮಾನಿಟರಿನ ತಲೆ ಸವರುವರು. "ಇದು ಕೀಬೋರ್ಡ್, ಬಡಿಯೋದು. ಇದು ಮೌಸ್, ಸರಿಸ್ಯಾಡೋದು. ಕೆಳಗಿಂದು ಏನಿಲ್ಲ ಬಿಡ್ರಿ, ಕರೆಂಟಿನ ಡಬ್ಬಿ."

"ಅದು ಸಿಪಿಯು ರೀ. ಬರದಿದ್ದೆಲ್ಲಾ ಅದರಾಗ ಇರತೈತಿ," ಎಂದು ನಾನೊಮ್ಮೆ ಬಾಯಿ ಹಾಕಿದೆ.

"ನೀ ಟೈಪ್ ಮಾಡು, ಸಾಕು. ಅಕ್ಷರ ಎಲ್ಲಿ ಕಾಣತಾವು? ಮ್ಯಾಲಿನ ಈ ಟೀವ್ಯಾಗ. ಇದ್ದಲ್ಲೇ ಕಾಣತಾವಲ್ಲ!"

ಬಂದವರೂ ಹೌದ್ಹೌದು ಎಂದು ತಲೆಯಾಡಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸುವುದು ಬೇಡವೆಂದು ನಾನು ಚಹಾ ಇಡಲು ಎದ್ದುಹೋದೆ. ಮಾನಿಟರಿಗೆ ಅತ್ತೆಯವರು ಹೆಣೆದ ಕ್ರೋಶಾದ ಹೊದಿಕೆ, ದಸರೆಯ ಖಂಡೇ ಪೂಜೆಗೆ ಕುಂಕುಮ, ಚೆಂಡುಹೂವಿನ ಮಾಲೆ. ಕೆಳಗಿನ ಡಬ್ಬಿಯ ಮೇಲೆ ಪ್ರಾಧ್ಯಾಪಕರ ಪಾದ.

ನನ್ನ ಪ್ರಬಂಧ ಧಾರವಾಡದ ಸಂತೆಯಲ್ಲಿ ಕಾಯಿಪಲ್ಯ ಮಾರುವ ಹೆಂಗಸರ ಬದುಕಿನ ಮೇಲೆ. ವರ್ಷಗಟ್ಟಲೆ ಬಿಸಿಲಿನಲ್ಲಿ ಅವರ ಬುಟ್ಟಿಗಳ ಪಕ್ಕ ಕೂತು ಕೇಳಿಸಿಕೊಂಡದ್ದನ್ನು, ಮನೆಗೆಲಸದ ನಡುವೆ ಒಂದೊಂದೇ ಅಕ್ಷರ ಕುಟ್ಟಿ ಮುಗಿಸಿದ್ದೆ. ಒಪ್ಪಿಸಲು ಒಂದು ತಿಂಗಳು ಉಳಿದಿತ್ತು. ಫ್ಲಾಪಿಗಳಲ್ಲಿ ಎತ್ತಿಟ್ಟ ಪ್ರತಿಗಳು ಮಳೆಗಾಲದಲ್ಲಿ ಬೂಷ್ಟು ಹಿಡಿದು ಕೆಟ್ಟಿದ್ದವು. ಪ್ರಬಂಧವೆಂದು ಉಳಿದದ್ದು ಆ ಡಬ್ಬಿಯೊಳಗೆ ಮಾತ್ರ.

ಅಷ್ಟರಲ್ಲಿ ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮಕ್ಕೆಂದು ಗದಗಿಗೆ ಹೋದೆ. ಮರಳಿ ಬಂದು ನೋಡಿದರೆ ಮೇಜಿನ ಕೆಳಗೆ ಹೊಸದೊಂದು ಕರಿ ಡಬ್ಬಿ.

"ಹಳೇದು ಎಲ್ಲೈತ್ರಿ?"

"ಭಾಳ ಗುರ್ ಗುರ್ ಅಂತಿತ್ತು. ಹುಬ್ಬಳ್ಳಿ ದುರ್ಗದಬೈಲಿನ ಅಂಗಡ್ಯಾಗ ಎಕ್ಸ್‌ಚೇಂಜ್ ನಡದಿತ್ತು, ಕೊಟ್ಟು ಬಂದೆ. ಛಲೋ ಐತಿಲ್ಲ?"

"ಅಯ್ಯೋ, ನನ್ನ ಪ್ರಬಂಧ ರೀ!"

"ಏ ಹುಚ್ಚಿ, ಟೀವಿ ನಾ ಮುಟ್ಟೇ ಇಲ್ಲ," ಎಂದು ನಕ್ಕು, ಕ್ರೋಶಾ ಸರಿಸಿ ಮಾನಿಟರ್ ತೋರಿಸಿದರು.

ನಿಂತ ಕಾಲ ಮೇಲೆ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಅಂಗಡಿಯವನು ಕೈ ಚೆಲ್ಲಿದ. "ಎಲ್ಲಾ ಅಳಿಸಿ, ಬಿಚ್ಚಿ ಮಾರಿಬಿಟ್ಟೇವ್ರಿ ಅಕ್ಕಾರ. ಒಳಗ ಏನರ ಬೇಕಾದ್ದು ಐತೇನ್ರಿ ಅಂತ ಸರ್‌ಗೆ ಕೇಳಿದ್ವಿ. ಕರೆಂಟ್ ಬಿಟ್ಟರ ಏನೂ ಇಲ್ಲ ಅಂದ್ರು."

ತಿರುಗಿ ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ಆ ಮನುಷ್ಯನ ಮುಖ ನೋಡುವುದೂ ಬೇಡವೆನಿಸಿತ್ತು.

ಮನೆಯಲ್ಲಿ ಅತ್ತೆಯವರು ಸಮಾಧಾನ ಹೇಳಿದರು. "ಹೋಗ್ಲಿ ಬಿಡವಾ. ಪಾಪ, ಅವಂಗೇನ ಗೊತ್ತಿತ್ತು?" ಅವರ ಮಗನಿಗೆ ಗೊತ್ತಿಲ್ಲದ್ದೊಂದು ಇದೆಯೆಂದು ಆ ಮನೆಯಲ್ಲಿ ಒಬ್ಬರಾದರೂ ಒಪ್ಪಿಕೊಂಡದ್ದು ಅದೇ ಮೊದಲು! ಮಗ ಮಾತ್ರ ಒಪ್ಪಲಿಲ್ಲ. "ಎರಡನೇ ಸಲ ಬರದ್ರ ಇನ್ನೂ ಛಲೋ ಬರತೈತಿ ತಗೋ," ಅಂದರು.

ಕೈಬರಹದ ಟಿಪ್ಪಣಿಗಳನ್ನು ಹರವಿಕೊಂಡು ಮತ್ತೆ ಮೊದಲಿನಿಂದ ಬರೆದೆ. ವಾಯಿದೆ ಹೆಚ್ಚಿಸಿಕೊಡಿರೆಂದು ವಿಶ್ವವಿದ್ಯಾಲಯದಲ್ಲಿ ಕಂಡಕಂಡವರಿಗೆ ಕೈ ಮುಗಿದೆ. ಅಂತೂ ಮುಗಿಯಿತು. ಆಗ ಇವರು ಹತ್ತಿರ ಬಂದು, "ಕೃತಜ್ಞತಾ ಅಂತ ಒಂದು ಪುಟ ಇರತೈತಲ್ಲ, ಅದರಾಗ ನನ್ನ ಮರೀಬ್ಯಾಡ ಮತ್ತ," ಅಂದರು.

ಮರೆಯಲಿಲ್ಲ. "ಈ ಪ್ರಬಂಧವನ್ನು ನಾನು ಎರಡು ಸಲ ಬರೆಯುವುದಕ್ಕೆ ಏಕೈಕ ಕಾರಣರಾದ ನನ್ನ ಪತಿಯವರಿಗೆ" ಎಂದು ಬರೆದೆ. ನನ್ನ ಮಾರ್ಗದರ್ಶಕರು ಅದನ್ನು ಓದಿ, ಕನ್ನಡಕ ತೆಗೆದು, ನನ್ನ ಮುಖ ನೋಡಿ, ಸಹಿ ಹಾಕಿದರು.

ಪದವಿ ಬಂದ ಮೇಲೆ ಇವರು ಆ ಪುಟದ ಜೆರಾಕ್ಸ್ ಮಾಡಿಸಿ, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, ಬೆರಳಿಟ್ಟು ಓದಿಸುತ್ತಾರೆ.

"ನೋಡ್ರಿ, ಒಂದ್ ಸಲ ಅಲ್ಲ. ಎರಡ್ ಸಲ!"