ದೊಡ್ಡಕ್ಕನನ್ನು ಕೇಳಿ

ದೊಡ್ಡಕ್ಕ ಎಂದರೆ ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಹಿರಿಯರು. ಯಾವ ಸಾಫ್ಟ್‌ವೇರ್ ಕೈಕೊಟ್ಟರೂ ಎಲ್ಲರಿಗೂ ಅವರದೇ ಜಪ. ಅವರ ಮಗಳ ಮೊದಲ ಹೆರಿಗೆಯ ದಿನವೂ ಅವರ ಕೈಕೆಳಗಿನ ನಾವು ಬಿಡಲಿಲ್ಲ. ಅಳಿಯ ಮಗುವನ್ನು ತಂದು ತೋರಿಸುವಾಗ ಅವರು ಕಿವಿಗೆ ಫೋನ್ ಹಿಡಿದು, ಲ್ಯಾಬ್ ವರದಿ ಏಕೆ ಬರುತ್ತಿಲ್ಲವೆಂದು ನನಗೆ ವಿವರಿಸುತ್ತಿದ್ದರು.

ಈಗ ಎರಡನೆಯ ಹೆರಿಗೆ. "ಈ ಸಲ ಫೋನ್ ಹಿಡ್ಕೊಂಡು ಬರೋದಾದ್ರೆ ಬರಲೇಬೇಡ ಅಮ್ಮ" ಎಂದುಬಿಟ್ಟಿದ್ದಳು ಮಗಳು.

ದೊಡ್ಡಕ್ಕ ಹಟ ತೊಟ್ಟರು. ಯಾವ ಸಾಫ್ಟ್‌ವೇರ್ ಯಾವುದನ್ನು ನೆಚ್ಚಿಕೊಂಡಿದೆ, ಒಂದು ನಿಂತರೆ ಯಾವ್ಯಾವುದು ನಿಲ್ಲುತ್ತದೆ, ಆಗ ಏನು ಮಾಡಬೇಕು ಎಂದೆಲ್ಲ ಬರೆದು ಗೋಡೆ ತುಂಬ ನಕ್ಷೆ ಅಂಟಿಸಿದರು. ಯಾರು ಯಾರಿಗೆ ಬೀಗರೋ ತಿಳಿಯದ ದೊಡ್ಡ ಮನೆತನದ ಹಾಗಿತ್ತು ಅದು. ನಾನು ಬೆರಳಿಟ್ಟು ಹೊರಟೆ. ಲ್ಯಾಬ್ ವರದಿ ನೆಚ್ಚಿದ್ದು ರೋಗಿಗಳ ದಾಖಲಾತಿಯನ್ನು, ದಾಖಲಾತಿ ನೆಚ್ಚಿದ್ದು ಲಾಗಿನ್ನನ್ನು. ಲಾಗಿನ್ ಕೆಟ್ಟರೆ? 'ದೊಡ್ಡಕ್ಕನನ್ನು ಕೇಳಿ.' ಬೇರೆ ದಾರಿ ಹಿಡಿದೆ. ಅಲ್ಲೂ ಅದೇ.

"ಅಕ್ಕಾ, ಊರೆಲ್ಲ ಸುತ್ತಿಸಿ ಮತ್ತೆ ನಿಮ್ಮನೆ ಬಾಗಿಲಿಗೇ ತಂದು ಬಿಟ್ರಲ್ಲ!"

ಅವರು ನಕ್ಕರು. ಆಮೇಲೆ ಮುಖ ಸಣ್ಣದಾಯಿತು. "ಹೌದಲ್ಲೋ. ನಾನಿಲ್ದೆ ಕೆಲ್ಸ ನಡೀಬಾರ್ದು ಅಂತ ನಂಗೇ ಒಳಗೊಳಗೆ ಆಸೆ ಇತ್ತೇನೋ."

ತಮ್ಮ ಹೆಸರನ್ನೆಲ್ಲ ಹೊಡೆದುಹಾಕಿ, ಒಂದೊಂದು ಸಾಫ್ಟ್‌ವೇರನ್ನೂ ನಮ್ಮಲ್ಲೊಬ್ಬರ ಕೊರಳಿಗೆ ಕಟ್ಟಿದರು. ಲಾಗಿನ್ ನನ್ನ ಪಾಲಿಗೆ ಬಂತು. ಒಂದು ಮಧ್ಯಾಹ್ನ, ಅಭ್ಯಾಸಕ್ಕೆಂದೇ ಬೇರೆ ಇಟ್ಟಿದ್ದ ಸಾಫ್ಟ್‌ವೇರಿನ ಪ್ರತಿಯಲ್ಲಿ ಅದನ್ನು ಬೇಕೆಂದೇ ಕೆಡಿಸಿ ಕ್ಯಾಂಟೀನಿಗೆ ಹೋಗಿ ಕೂತರು. ನಾನು ಬೆವರುತ್ತ ಹಿಂದೆಯೇ ಓಡಿದೆ. ಪುಣ್ಯಾತ್ಗಿತ್ತಿ, ನೋಡಿಯೂ ನೋಡದವರಂತೆ ಚಹಾ ಊದಿ ಆರಿಸುತ್ತಿದ್ದರು! ಸಿಟ್ಟಿನಲ್ಲೇ ವಾಪಸು ಬಂದು ನಕ್ಷೆ ಓದಿದೆ. ಅದರಲ್ಲಿ ಬಿಟ್ಟುಹೋಗಿದ್ದ ಒಂದು ಹಂತವನ್ನು ನಾನೇ ಹುಡುಕಿ ಬರೆದೆ. ಲಾಗಿನ್ ಎದ್ದಿತು.

ಹೆರಿಗೆಯ ದಿನ ಅದೇ ಲಾಗಿನ್ ನಿಜವಾಗಿಯೂ ಮಲಗಿತು. ಲ್ಯಾಬಿನವರಿಂದ ಬೈಗುಳದ ಸುರಿಮಳೆ. ಕೈ ತಾನಾಗಿ ಫೋನಿಗೆ ಹೋಯಿತು. ಅದನ್ನು ಡ್ರಾಯರಿನೊಳಗೆ ಹಾಕಿ ಗೋಡೆಯ ಮುಂದೆ ನಿಂತು, ಒಂದೊಂದೇ ಸಾಲು ಓದುತ್ತ ಕೆಲಸ ಮಾಡಿದೆ. ವರದಿಗಳು ಮತ್ತೆ ಬರತೊಡಗಿದಾಗ, ನಿಜ ಹೇಳುತ್ತೇನೆ, ನನಗೆ ಅಳುವೇ ಬಂತು.

ಸಂಜೆ ಅವರ ಅಳಿಯನಿಗೆ ಫೋನ್ ಮಾಡಿದೆ. ಎತ್ತಿದ್ದು ಮಗಳು.

"ಮತ್ತೇನು ಕೆಡ್ತು ನಿಮ್ದು?"

"ಏನಿಲ್ಲಮ್ಮ. ಮಗು ಹೇಗಿದೆ ಅಂತ ಕೇಳೋಣ ಅಂತ."

ಅವಳ ದನಿ ಮೆತ್ತಗಾಯಿತು. "ಚೆನ್ನಾಗಿದೆ ಅಣ್ಣ. ಅಮ್ಮಂಗೆ ಫೋನ್ ಕೊಡೋಕಾಗಲ್ಲ. ಎರಡೂ ಕೈಯಲ್ಲಿ ಮಗೂನ ಎತ್ಕೊಂಡಿದ್ದಾಳೆ."