ಗಾಡಿ ಇಲ್ಲ ಅಂದ ಸಂಜೆ

ರೈಲು ಇತ್ತು, ಪಂಪಾ. ಮುಷ್ಕರ ಮುಗಿದಿರಲಿಲ್ಲ, ನಿಜ. ಆದರೂ ಮರುದಿನ ಬೆಳಿಗ್ಗೆ ಗದಗಿನ ಕಡೆಗೆ ಒಂದು ಗಾಡಿ ಬಿಡುತ್ತೇವೆಂದು ಹೊಸಪೇಟೆಯ ನಿಲ್ದಾಣದಲ್ಲಿ ಕೂಗಿ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಕೇಳಿ, ಸೈಕಲ್ಲು ತುಳಿದುಕೊಂಡು ಕಮಲಾಪುರದ ಮನೆಗೆ ಬಂದು, ಗಂಟು ಕಟ್ಟಿಕೊಂಡು ಹೊಸ್ತಿಲಲ್ಲೇ ಕೂತಿದ್ದ ನಿನಗೆ ಸುಳ್ಳು ಹೇಳಿದೆ.

ವಕೀಲರ ಗುಮಾಸ್ತನೊಬ್ಬ ಸುಳ್ಳು ಹೇಳಿದ ಎಂಬುದು ಊರಿಗೇನೂ ಹೊಸ ಸುದ್ದಿಯಲ್ಲ. ಆದರೆ ಅಲ್ಲಿಯವರೆಗೆ ನಾನು ಹೇಳಿದ ಸುಳ್ಳುಗಳಿಗೆಲ್ಲ ಯಾರೋ ಒಬ್ಬ ಕಕ್ಷಿದಾರನಿರುತ್ತಿದ್ದ. ಇದೊಂದು ಮಾತ್ರ ನನ್ನ ಸ್ವಂತದ್ದು.

ಗದಗಿನಿಂದ ತಂತಿ ಬಂದಿತ್ತು — ನಿನ್ನ ಅವ್ವನಿಗೆ ಜಡ್ಡು, ಕೂಡಲೇ ಬಾ ಎಂದು. ನಮ್ಮ ಅತ್ತೆಯವರ ಜಡ್ಡು ಶ್ರಾವಣದ ಹಾಗೆ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ನೀನು ಹೋದ ಕೂಡಲೇ ಅವರು ಎದ್ದು ಕೂತು ಹೋಳಿಗೆ ಮಾಡಿಸುತ್ತಿದ್ದರು. ನಾನಿಲ್ಲಿ ಒಣರೊಟ್ಟಿ ಮುರಿಯುತ್ತಿದ್ದೆ. ಇದನ್ನು ಸಮರ್ಥನೆಯೆಂದು ತಿಳಿಯಬೇಡ. ಆ ಸಂಜೆ ನನ್ನ ತಲೆಯಲ್ಲಿ ಓಡಿದ್ದೇನೆಂದು ಹೇಳುತ್ತಿದ್ದೇನೆ, ಅಷ್ಟೇ. ಹಿಂದಿನ ವರ್ಷ ನೀನು ತವರಿನಲ್ಲಿದ್ದಾಗ, ದಿನವೂ ಓಣಿಯ ತಿರುವಿನಲ್ಲಿ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದೆ — ರೂಢಿ ನೋಡು. ಗಂಟೆ ಕೇಳಿದರೆ ನೀನು ಬಾಗಿಲು ತೆಗೆಯಬೇಕು. ಬಾಗಿಲು ಹಾಗೇ ಇರುತ್ತಿತ್ತು. ಅದನ್ನು ಇನ್ನೊಮ್ಮೆ ನೋಡಲು ನನಗೆ — ಹೋಗಲಿ.

ಅವತ್ತು ಬೆಳಿಗ್ಗೆ ನಾನು ಹೊರಡುವಾಗ ನೀನು ಅಂದಿದ್ದೆ: "ರೈಲು ಇಲ್ಲಂದ್ರ ಎತ್ತಿನ ಗಾಡಿನಾರ ಗೊತ್ತು ಮಾಡ್ರಿ. ದಾರ್ಯಾಗ ಎಷ್ಟು ದಿನ ಆದ್ರೂ ಆಗ್ಲಿ, ನಮ್ಮವ್ವನ ಮುಖ ನೋಡಬೇಕು ನಾ."

ಸಂಜೆ ನಾನಿನ್ನೂ ಸೈಕಲ್ಲಿನಿಂದ ಇಳಿದಿರಲಿಲ್ಲ, ನೀನು ಕೇಳಿದೆ: "ಗಾಡಿ ಐತೇನ್ರೀ?"

ನಮ್ಮ ಸೀಮೆಯಲ್ಲಿ ಉಗಿಯಿಂದ ಓಡಿದರೂ ಗಾಡಿ, ಎತ್ತು ಎಳೆದರೂ ಗಾಡಿ. ಎರಡಕ್ಕೂ ಸೇರಿ ಒಂದೇ ಮಾತಿನಲ್ಲಿ ಉತ್ತರ ಕೊಟ್ಟೆ.

"ಗಾಡಿ ಇಲ್ಲ."

ಎರಡನೆಯ ತಂತಿ ಬಂದದ್ದು ಮೂರನೆಯ ದಿನ. ಅದರಲ್ಲಿ ಬಾ ಎಂಬ ಮಾತೇ ಇರಲಿಲ್ಲ.

ನೀನು ಅತ್ತು ಮುಗಿಸಿದ ಮೇಲೆ ನನ್ನ ಮುಂದೆ ಬಂದು ಕೂತೆ. "ಊರ ಮಂದಿಗೆಲ್ಲಾ ಅರ್ಜಿ ಬರದು ಕೊಡ್ತೀರಿ. ನನಗೊಂದು ಬರೀರಿ. ರೈಲಿನವರು ನನಗ ಪರಿಹಾರ ಕೊಡಬೇಕು."

"ಅವರು ದುಡ್ಡು ಕೊಡೂದಿಲ್ಲ, ಪಂಪಾ."

"ದುಡ್ಡು ಯಾರಿಗೆ ಬೇಕಾಗೇತ್ರಿ? ತಪ್ಪಾತು ಅನ್ನಲಿ. ನಿನ್ನ ಅವ್ವನ ಮುಖ ನಾವು ತಪ್ಪಿಸಿದ್ವಿ, ತಪ್ಪಾತು ಅಂತ ಒಂದು ಮಾತು ಅನ್ನಲಿ. ಅಷ್ಟು ಸಾಕು."

ಬರೆದೆ. ನನ್ನ ಕೈಯಿಂದ ಅಂಥ ಅರ್ಜಿ ಅದಕ್ಕೆ ಮೊದಲೂ ಹುಟ್ಟಿರಲಿಲ್ಲ, ಆಮೇಲೂ ಹುಟ್ಟಲಿಲ್ಲ. ಘನತೆವೆತ್ತ ಕಂಪನಿಯವರ ಹೃದಯಶೂನ್ಯತೆಯನ್ನು ಖಂಡಿಸಿದೆ. ತಾಯಿ-ಮಗಳ ನಡುವೆ ಅಡ್ಡ ನಿಂತವರಿಗೆ ಯಾವ ಲೋಕದಲ್ಲೂ ಕ್ಷಮೆಯಿಲ್ಲವೆಂದು ಸಾರಿದೆ. ಆರೋಪಿಯೇ ಕೂತು ಫಿರ್ಯಾದು ಬರೆದರೆ ಎಷ್ಟು ಸೊಗಸಾಗಿ ಬರುತ್ತದೆಂದು ಅವತ್ತು ತಿಳಿಯಿತು — ಎಲ್ಲಿ ಚುಚ್ಚಿದರೆ ನೋಯುತ್ತದೆಂಬುದು ಅವನಿಗೇ ಗೊತ್ತಿರುತ್ತದೆ. ಓದಿ ಹೇಳಿದಾಗ ನೀನು ಸೆರಗಿನಿಂದ ಕಣ್ಣೊರೆಸಿಕೊಂಡು, "ಭಾಳ ಚೊಲೋ ಬರದೀರಿ," ಅಂದೆ.

ಆ ಮಾತಿನ ನಂತರ ಊಟ ಮಾಡಿದವನು ನಾನು.

ಮುಷ್ಕರ ಮುಗಿದ ಮೇಲೆ ಅರ್ಜಿ ಕೊಡಲು ನೀನೂ ಹೊರಟೆ. ತಪ್ಪಾತು ಅನ್ನುವುದನ್ನು ನಿನ್ನ ಕಿವಿಯಿಂದಲೇ ಕೇಳಬೇಕಿತ್ತು. ಹುಸೇನಸಾಬನ ಎತ್ತಿನ ಗಾಡಿಯಲ್ಲಿ ಹೊಸಪೇಟೆಗೆ ಹೋದೆವು. ಸ್ಟೇಷನ್ ಮಾಸ್ತರರು ಅರ್ಜಿಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಓದಿ, ಕನ್ನಡಕ ತೆಗೆದರು.

"ಆ ದಿನ ಗದಗಿಗೆ ಗಾಡಿ ಬಿಟ್ಟೀವಲ್ಲಮ್ಮಾ. ಹಿಂದಿನ ದಿನಾನೇ ಸಾರಿದ್ವಿ. ಜನ ಸಿಗದ ಡಬ್ಬಿ ಖಾಲಿ ಹೋದ್ವು."

ಖಾಲಿ ಹೋದವಂತೆ.

ಮರಳುವಾಗ ಗಾಡಿ ಅನಂತಶಯನಗುಡಿ ದಾಟಿತು. ನೀನು ರಸ್ತೆಯನ್ನೇ ನೋಡುತ್ತ, "ನೀವು ಗಾಡಿ ಇಲ್ಲ ಅಂದ್ರಿ," ಅಂದೆ.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಮತ್ತೆಂದೂ ಸಿಗಲಿಲ್ಲ. ನಾನೇನು ಹೇಳಿದೆ ಗೊತ್ತೆ? "ನೀ ಎತ್ತಿನ ಗಾಡಿ ಕೇಳೀದಿ ಅಂತ ತಿಳಕೊಂಡೆ. ಬೆಳಿಗ್ಗೆ ಹೇಳಿದ್ದಿಯಲ್ಲ, ಅದಕ್ಕ. ಎತ್ತಿನ ಗಾಡಿ ಎಲ್ಲೂ ಸಿಗಲಿಲ್ಲ. ರೈಲು ಬಿಡೂದು ನನಗ ಗೊತ್ತಽ ಇರಲಿಲ್ಲ."

ಮುಂದೆ ಕೂತಿದ್ದ ಹುಸೇನಸಾಬ ಎತ್ತುಗಳಿಗೆ ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿದ. ತಿರುಗಿ ನೋಡಲಿಲ್ಲ.

"ಹಂಗಾರ ತಪ್ಪು ನಂದಽ," ಅಂದೆ ನೀನು. "ಯಾವ ಗಾಡಿ ಅಂತ ಬಿಡಿಸಿ ಕೇಳಬೇಕಿತ್ತು ನಾ."

ನಾನು ಅದನ್ನೂ ಒಪ್ಪಿಕೊಂಡೆ. ಕೊಟ್ಟದ್ದನ್ನು ಬೇಡವೆನ್ನಬಾರದಲ್ಲ!

ಅಂದಿನಿಂದ ನೀನು ಬರೀ 'ಗಾಡಿ' ಅನ್ನಲಿಲ್ಲ. ಕಂಪ್ಲಿಗೆ ನಂಟರ ಮದುವೆಗೆ ಹೊರಟರೆ 'ಎತ್ತಿನ ಗಾಡಿ', ಗದಗಿಗೆ ಹೊರಟರೆ 'ರೈಲು ಗಾಡಿ' — ಶಾಲೆಯ ಹುಡುಗಿ ಪಾಠ ಒಪ್ಪಿಸಿದ ಹಾಗೆ, ಬಿಡಿಸಿ ಬಿಡಿಸಿ. ಓಣಿಯ ಹೆಂಗಸರು ನಗುತ್ತಿದ್ದರು. ನೀನೂ ನಗುತ್ತಿದ್ದೆ. ನಾನು ಪಕ್ಕದಲ್ಲೇ ಇರುತ್ತಿದ್ದೆ. ಬದುಕಿರುವವರೆಗೆ ನೀನು ಆ ಪಾಠ ಮರೆಯಲಿಲ್ಲ.

ಈಗ ಹೊಸಪೇಟೆಯಲ್ಲೇ ಇದ್ದೇನೆ. ಸಂಜೆ ಗದಗಿನ ರೈಲು ಕೂಗುವುದು ಮನೆಯೊಳಗೇ ಕೇಳುತ್ತದೆ. ಸೈಕಲ್ಲು ತುಕ್ಕು ಹಿಡಿದು ಹಿತ್ತಲ ಗೋಡೆಗೆ ಒರಗಿದೆ, ಗಂಟೆಯೊಂದು ಸರಿಯಾಗಿದೆ. ಒಮ್ಮೊಮ್ಮೆ ಹೋಗಿ ಬಾರಿಸುತ್ತೇನೆ. ಬಾರಿಸಿ, ಬಾಗಿಲ ಕಡೆ ನೋಡುತ್ತೇನೆ. ನಿನ್ನನ್ನು ಬಿಟ್ಟಿರಲಾರದೆ ಸುಳ್ಳು ಹೇಳಿದವನಿಗೆ ಕಡೆಗೆ ದಕ್ಕಿದ್ದು ಇಷ್ಟು.

ಇನ್ನೊಂದು ಮಾತು ಉಳಿದಿದೆ. ಸುಳ್ಳು ಹೇಳಿದ ಆ ಸಂಜೆ ನಿಲ್ದಾಣದ ಹೊರಗೆ ಹುಸೇನಸಾಬ ನನಗೆ ಸಿಕ್ಕಿದ್ದ. ಸುದ್ದಿ ತಿಳಿದು, ತಾನಾಗಿಯೇ ಕೇಳಿದ್ದ: "ಗಾಡಿ ಹೂಡ್ಲೇನ್ರಿ? ಅಮ್ಮಾರಿಗಂದ್ರ ಗದಗ ಏನು, ಕಾಶಿ ತನಕ ಹೊಡೀತೀನಿ." ಬ್ಯಾಡ ಅಂದೆ.

ಎರಡೂ ಗಾಡಿ ಇದ್ದವು, ಪಂಪಾ.

ತಪ್ಪಾತು.