ಗಾಳಿಯಲ್ಲಿ ತಿರುಗಿಸಿದ ಬ್ಯೂರೆಟ್

ಪಿಯುಸಿ ಎರಡನೇ ವರ್ಷದ ಕೆಮಿಸ್ಟ್ರಿ ಪ್ರಾಯೋಗಿಕ ಪರೀಕ್ಷೆಯ ದಿನದವರೆಗೆ ನಾನು ಬ್ಯೂರೆಟ್ ಎಂಬುದನ್ನು ಕಣ್ಣಾರೆ ಕಂಡಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳವು. ಯಲ್ದೂರಿನ ಮನೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಸಣ್ಣ ಕಾಲೇಜಿನಲ್ಲಿ ‘ಲ್ಯಾಬ್’ ಎಂದು ಬರೆದ ಕೋಣೆಯೇನೋ ಇತ್ತು. ಒಳಗಿದ್ದದ್ದು ಎರಡು ಮೇಜು, ಬಾಯಿ ಒಡೆದ ಕೆಲವು ಬೀಕರು. ಲೆಕ್ಚರರು ಒಳ್ಳೆಯವರು. ಬೋರ್ಡಿನ ಮೇಲೆ ದ್ರಾವಣವನ್ನು ಹನಿಹನಿಯಾಗಿ ಬಿಡುವ ಆ ಉದ್ದ ಗಾಜಿನ ಕೊಳವೆಯ ಚಿತ್ರ ಬರೆದು, ಅದರ ತಿರುಪನ್ನು ಗಾಳಿಯಲ್ಲೇ ತಿರುಗಿಸಿ ತೋರಿಸುತ್ತಿದ್ದರು. ನಾವೂ ಗಾಳಿಯಲ್ಲೇ ತಿರುಗಿಸುತ್ತಿದ್ದೆವು.

ಪರೀಕ್ಷೆಗೆ ನಮ್ಮನ್ನು ಬೆಂಗಳೂರಿನ ದೊಡ್ಡ ಕಾಲೇಜೊಂದಕ್ಕೆ ಹಾಕಿದ್ದರು. ಅಲ್ಲಿನ ಗಾಜಿನ ಬೀರುಗಳಲ್ಲಿ ಬ್ಯೂರೆಟ್‌ಗಳು ಸಾಲುಸಾಲಾಗಿ ನಿಂತಿದ್ದವು. ಕೆಲವಕ್ಕೆ ದೂಳು ಹಿಡಿದಿತ್ತು. ಪಿಪೆಟ್ ಎಂಬ ಅಳತೆಯ ನಳಿಕೆಯನ್ನು ಬಾಯಿಗಿಟ್ಟು ಹೀರಬೇಕೆಂದು ಗೊತ್ತಿತ್ತು, ಎಷ್ಟು ಹೀರಬೇಕೆಂದು ಗೊತ್ತಿರಲಿಲ್ಲ. ಕ್ಷಾರ ಬಾಯಿಗೇ ಬಂತು. ನಲ್ಲಿಗೆ ಓಡಿ ಉಗಿದು ಬಂದಾಗ ಪರೀಕ್ಷಕರು ನನ್ನ ಮೇಜಿನ ಬಳಿ ನಿಂತಿದ್ದರು.

“ಯಾವೂರಮ್ಮಾ?”

“ಯಲ್ದೂರು, ಶ್ರೀನಿವಾಸಪುರ ತಾಲ್ಲೂಕು, ಸಾರ್.”

“ನಿಮ್ಮ ಕಡೆಯವರಿಗೆ ಸೈನ್ಸ್ ಯಾಕೆ? ಆರ್ಟ್ಸ್ ತಗೊಂಡಿದ್ರೆ ಆರಾಮಾಗಿ ಪಾಸಾಗ್ತಿದ್ರಿ.”

ನಾಲಗೆ ಇನ್ನೂ ಉರಿಯುತ್ತಿತ್ತು. “ಸಾರ್, ಸಿಲಬಸ್ ಒಂದೇ, ಕ್ವೆಶ್ಚನ್ ಪೇಪರೂ ಒಂದೇ. ಬ್ಯೂರೆಟ್ ಮಾತ್ರ ಎಲ್ಲಾ ಇಲ್ಲೇ ಐತೆ. ಒಂದ್ಸಲ ತೋರಿಸಿಕೊಡಿ. ಆಮೇಲೂ ತಪ್ಪಿದ್ರೆ ಫೇಲ್ ಮಾಡಿ.”

“ಇದು ಪರೀಕ್ಷೆ, ಪಾಠ ಅಲ್ಲ,” ಎಂದು ಮುಂದಿನ ಮೇಜಿಗೆ ಹೋದರು. ನಾನೂ ಜೊತೆಯ ಇಬ್ಬರು ಹುಡುಗಿಯರೂ ಫೇಲಾದೆವು.

ನಮ್ಮ ಪ್ರಿನ್ಸಿಪಾಲರೂ ಆರ್ಟ್ಸ್‌ಗೆ ಬದಲಾಯಿಸಿಕೊಳ್ಳಿ ಎಂದಾಗ ಮನೆಗೆ ಬಂದು ಅತ್ತುಬಿಟ್ಟೆ. ಅಮ್ಮ ಓದು ಬರಹ ಬಾರದವಳು, ರೇಷ್ಮೆ ಹುಳು ಸಾಕುತ್ತಿದ್ದವಳು. ಮರುದಿನ ಹುಳುಗಳಿಗೆ ಸೊಪ್ಪು ಹಾಕಿ ನನ್ನ ಜೊತೆ ಬಸ್ಸು ಹತ್ತಿದಳು. ಪ್ರಿನ್ಸಿಪಾಲರು ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಸ್ವಾಮಿ, ನಮ್ಮನೆಗೆ ಸೊಸೆ ಬಂದ್ರೆ ಮೊದ್ಲು ಹುಳ ಮುಟ್ಟಿಸ್ತೀನಿ, ಎಷ್ಟು ಸೊಪ್ಪು ಹಾಕ್ಬೇಕಂತ ತೋರಿಸ್ತೀನಿ. ಆಮೇಲೆ ತಾನೆ ಹುಳ ಸತ್ರೆ ಬೈಯೋದು? ನೀವು ಏನೂ ತೋರಿಸ್ದೆ ನನ್ನ ಮಗಳನ್ನ ದಡ್ಡಿ ಅಂತೀರಲ್ಲ!”

“ಲ್ಯಾಬ್ ಸಾಮಾನು ಕಳಿಸಿ ಅಂತ ಇಲಾಖೆಗೆ ನಾಲ್ಕು ಸಲ ಬರೆದಿದ್ದೀವಮ್ಮಾ. ಬರ್ಲಿಲ್ಲ.”

“ಐದನೇ ಸಲ ಬರೀರಿ. ನಾವೇ ತಗೊಂಡೋಗ್ತೀವಿ.”

ಹೀಗೆ ಲೆಕ್ಚರರು, ಅಮ್ಮ, ನಾವು ಮೂವರು ಹುಡುಗಿಯರು ಪತ್ರ ಹಿಡಿದು ಬೆಂಗಳೂರಿನ ಇಲಾಖೆಯ ಕಚೇರಿಗೆ ಹೋದೆವು. ಗುಮಾಸ್ತರು ಫೈಲು ತೆಗೆದು ನೋಡಿದರು. “ನಿಮ್ಮದು ಹಿಂದುಳಿದ ತಾಲ್ಲೂಕು. ನಿಮಗೇ ಮೊದಲು ಕೊಡ್ಬೇಕು ಅಂತ ಇಲ್ಲಿ ಬರೆದೂ ಇದೆ. ಆದ್ರೆ ಬಂದದ್ದೆಲ್ಲ ಇಲ್ಲಿಯ ಕಾಲೇಜುಗಳಿಗೇ ಹೋಗಿಬಿಡ್ತು. ಮುಂದಿನ ವರ್ಷ ನೋಡೋಣ.”

ಅಮ್ಮ ನಮ್ಮತ್ತ ತಿರುಗಿ ಮನೆಯ ತೆಲುಗಿನಲ್ಲಿ, “ಕೂಚೋಂಡಿ, ಕದಲೊದ್ದು,” ಎಂದಳು. ಕೂತೆವು, ಕದಲಲಿಲ್ಲ. ವರಾಂಡದಲ್ಲಿ ರಾಗಿ ರೊಟ್ಟಿ ಬಿಚ್ಚಿ ತಿಂದೆವು. ಕಚೇರಿ ಮುಚ್ಚಿದ ಮೇಲೆ ಊರಿಗೆ ಹೋಗಿ, ಮರುದಿನ ಮತ್ತೆ ಬಂದೆವು. ಹೋಗಿಬರುವವರೆಲ್ಲ ನಮ್ಮನ್ನು ನೋಡುತ್ತಿದ್ದರು. ಮೊದಲ ದಿನ ನಾಚಿಕೆಯಾಗಿತ್ತು, ಎರಡನೆಯ ದಿನ ನಾನೂ ಅವರನ್ನು ನೆಟ್ಟಗೆ ನೋಡಿದೆ. ಮೂರನೆಯ ದಿನ ಅಧಿಕಾರಿ ಒಳಗೆ ಕರೆದರು. ಆರು ಬ್ಯೂರೆಟ್, ಆರು ಪಿಪೆಟ್ ಪೆಟ್ಟಿಗೆಗೆ ಹಾಕಿಸಿ ಕೊಟ್ಟರು. ಲೆಕ್ಚರರು ಸಹಿ ಹಾಕಿದರು.

ಹುಲ್ಲು ತುಂಬಿದ ಆ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿ ಎಂದು ಕಂಡಕ್ಟರ್ ಗದರಿದ. “ಇದಕ್ಕೂ ಒಂದು ಟಿಕೆಟ್ ಹರಿ. ಮೇಲಕ್ಕೆ ಮಾತ್ರ ಕೊಡಲ್ಲ,” ಎಂದು ಅಮ್ಮ ತೊಡೆಯ ಮೇಲಿಟ್ಟುಕೊಂಡಳು. ಕೋಲಾರದಲ್ಲಿ ಬಸ್ಸು ಬದಲಾಯಿಸುವಾಗ, ನೂಕುನುಗ್ಗಲಿನಲ್ಲಿ ಒಂದು ಬ್ಯೂರೆಟ್ ಒಡೆಯಿತು. ಐದು ಉಳಿದವು.

ಒಂದು ತಿಂಗಳು ದಿನವೂ ಅಭ್ಯಾಸ ಮಾಡಿದೆವು. ಗುಲಾಬಿ ಬಣ್ಣದ ದ್ರಾವಣ ಒಂದೇ ಹನಿಗೆ ತಿಳಿಯಾದಾಗ ಲೆಕ್ಚರರು ನಮಗಿಂತ ಜೋರಾಗಿ ಕೂಗಿದರು. ಮರುಪರೀಕ್ಷೆಯಲ್ಲಿ ಮೂವರೂ ಪಾಸಾದೆವು.

ಅಂಕಪಟ್ಟಿ ತರಲು ಹೋದ ದಿನ ಲ್ಯಾಬಿಗೆ ಬೀಗ ಬಿದ್ದಿತ್ತು. ಹೊಸ ತರಗತಿಯವರು ಒಡೆದುಹಾಕುತ್ತಾರೆಂದು ಪ್ರಿನ್ಸಿಪಾಲರಿಗೆ ಭಯ.

“ಒಡೆದ್ರೆ ಒಡೀಲಿ ಸಾರ್,” ಎಂದೆ. “ದಾರಿ ಗೊತ್ತಲ್ಲ, ಮತ್ತೆ ಹೋಗಿ ತರ್ತೀವಿ.”

ಅವರು ಡ್ರಾಯರಿನಿಂದ ಲ್ಯಾಬಿನ ಕೀಲಿ ತೆಗೆದು ನನ್ನ ಕೈಗೆ ಕೊಟ್ಟರು.